ಶಾಲೆಗೆ ಸೇರಿದವರು, ಶಾಲೆಯಲ್ಲಿ ಉಳಿದವರು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಸಂದರ್ಭದಲ್ಲಿ ಹಿಂದಿನವರನ್ನು ಸ್ಮರಿಸುವುದು ನಮ್ಮ ವಾಡಿಕೆ. ಆ ಕಾರ್ಯವು ನಿನ್ನೆಯ ಸಭೆಯಲ್ಲಿ ನನಗಿಂತ ಯೋಗ್ಯರಾದವರಿಂದ ನೆರವೇರಿದೆ. ನನಗೆ ವಹಿಸಿಕೊಟ್ಟ ವಿಷಯ ಬೇರೆ ಬಗೆಯದು. ನಮ್ಮ ದೇಶದ ಶಾಲೆಗಳಿಗೆ ಎಷ್ಟು ಮಕ್ಕಳು ಸೇರುತ್ತಿದ್ದಾರೆ, ಸೇರಿದವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದಾರೆ, ಅವರಿಗೆ ಕಲಿಸುವವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ನಾನು ನಿಮ್ಮ ಮುಂದಿಡಬೇಕಾಗಿದೆ. ಅಂಕಿಗಳ ಮಾತು ನೀರಸವೆಂಬುದನ್ನು ನಾನು ಬಲ್ಲೆ. ಅದರಲ್ಲಿಯೂ ಊಟದ ನಂತರದ ಗೋಷ್ಠಿಯಲ್ಲಿ ಅದು ಇನ್ನೂ ನೀರಸ. ಆದರೆ ಈ ಅಂಕಿಗಳ ಹಿಂದಿರುವ ಮಕ್ಕಳು ದೂರದವರಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕುರಿಕೋಟಾ ಸೇತುವೆ ದಾಟಿ ಕಮಲಾಪುರದವರೆಗೆ ಹೋದರೆ ರಸ್ತೆಯ ಎರಡು ಬದಿಗಳಲ್ಲಿಯೂ ಕಾಣಸಿಗುವವರೇ ಅವರು.

ಶತಮಾನೋತ್ಸವ ನಿಧಿಯ ವಿನಿಯೋಗದ ಬಗೆಗೆ ನಮ್ಮ ಪಾಲನಾ ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿವೆ ಎಂಬುದು ನಿಮಗೆಲ್ಲರಿಗೂ ತಿಳಿದದ್ದೇ. ನಗರದಲ್ಲಿ ಆಂಗ್ಲ ಮಾಧ್ಯಮದ ತರಗತಿಗಳಿಗೆ ಹೊಸ ಕೊಠಡಿಗಳನ್ನು ಕಟ್ಟಬೇಕೆಂಬುದು ಒಂದು. ಕಮಲಾಪುರದ ಕಡೆಯ ಹಳ್ಳಿ ಮತ್ತು ತಾಂಡಾಗಳ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂಬುದು ಇನ್ನೊಂದು. ನಾನು ಎರಡನೆಯ ಪಕ್ಷದವನು. ಅದನ್ನು ಮುಚ್ಚಿಟ್ಟು ನಿಷ್ಪಕ್ಷಪಾತಿಯಂತೆ ಮಾತನಾಡುವುದು ಸರಿಯಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಮೊದಲು ದೇಶದ ಲೆಕ್ಕವನ್ನು ನೋಡೋಣ. ಕೇಂದ್ರ ಶಿಕ್ಷಣ ಸಚಿವಾಲಯವು ‘ಯು-ಡೈಸ್’ ಎಂಬ ಹೆಸರಿನಲ್ಲಿ ಪ್ರತಿ ವರ್ಷ ಎಲ್ಲ ಶಾಲೆಗಳ ಮಾಹಿತಿಯನ್ನು ಸಂಗ್ರಹಿಸಿ ಪ್ರಕಟಿಸುತ್ತದೆ. ಅದರಂತೆ ೨೦೨೧-೨೨ರಲ್ಲಿ ಪೂರ್ವ ಪ್ರಾಥಮಿಕದಿಂದ ಹನ್ನೆರಡನೆಯ ತರಗತಿಯವರೆಗೆ ದಾಖಲಾಗಿದ್ದ ಮಕ್ಕಳು ೨೬.೫೨ ಕೋಟಿ. ಮರುವರ್ಷ ಅದು ೨೫.೧೮ ಕೋಟಿಗೆ ಇಳಿಯಿತು, ೨೦೨೩-೨೪ರಲ್ಲಿ ೨೪.೮೦ ಕೋಟಿಗೆ, ೨೦೨೪-೨೫ರಲ್ಲಿ ೨೪.೬೯ ಕೋಟಿಗೆ ಬಂದಿತು. ಮೂರು ವರ್ಷಗಳಲ್ಲಿ ಹತ್ತಿರ ಹತ್ತಿರ ಎರಡು ಕೋಟಿ ಹೆಸರುಗಳು ಪುಸ್ತಕದಿಂದ ಮಾಯವಾದವು. ಇದನ್ನು ಕೇಳಿದೊಡನೆ ಎರಡು ಕೋಟಿ ಮಕ್ಕಳು ಶಾಲೆ ಬಿಟ್ಟರೆಂದು ಗಾಬರಿಗೊಳ್ಳಬೇಕಾಗಿಲ್ಲ. ಮೊದಲಿನ ಲೆಕ್ಕದಲ್ಲಿ ಶಾಲೆಯು ಒಟ್ಟು ಸಂಖ್ಯೆಯನ್ನು ಮಾತ್ರ ಕೊಡುತ್ತಿತ್ತು. ೨೦೨೨-೨೩ರಿಂದ ಒಬ್ಬೊಬ್ಬ ಮಗುವಿನ ಹೆಸರು, ಆಧಾರ್ ಮುಂತಾದ ವಿವರಗಳೊಂದಿಗೆ ಲೆಕ್ಕ ಕೊಡಬೇಕಾಯಿತು. ಒಂದೇ ಮಗು ಎರಡು ಶಾಲೆಗಳ ಪುಸ್ತಕದಲ್ಲಿದ್ದರೆ ಒಂದು ಹೆಸರು ಬಿದ್ದುಹೋಯಿತು. ಜನನ ಪ್ರಮಾಣವೂ ಇಳಿಯುತ್ತಿದೆ. ಆದುದರಿಂದ ಈ ಇಳಿತದಲ್ಲಿ ಎಷ್ಟು ಪಾಲು ಸುಳ್ಳಿನ ನಿವಾರಣೆ, ಎಷ್ಟು ಪಾಲು ನಿಜವಾದ ನಷ್ಟ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಪುಸ್ತಕದಲ್ಲಿ ಹೆಸರಿರುವುದಕ್ಕೂ ಮಗು ಮಣೆಯ ಮೇಲೆ ಕುಳಿತಿರುವುದಕ್ಕೂ ಇರುವ ಅಂತರವನ್ನು ಕೊನೆಗೂ ಸರ್ಕಾರವೇ ಒಪ್ಪಿಕೊಂಡಿತೆಂಬುದಂತೂ ಸ್ಪಷ್ಟ.

ಸೇರಿದವರು ಉಳಿಯುವ ಲೆಕ್ಕ ಇದಕ್ಕಿಂತ ಮುಖ್ಯವಾದುದು. ೨೦೨೪-೨೫ರ ವರದಿಯ ಪ್ರಕಾರ ಮೊದಲ ಹಂತದಲ್ಲಿ, ಎಂದರೆ ಎರಡನೆಯ ತರಗತಿಯವರೆಗೆ, ನೂರಕ್ಕೆ ೯೮.೯ರಷ್ಟು ಮಕ್ಕಳು ಉಳಿಯುತ್ತಾರೆ. ಐದನೆಯ ತರಗತಿಯ ಹೊತ್ತಿಗೆ ಅದು ೯೨.೪, ಎಂಟನೆಯ ತರಗತಿಯ ಹೊತ್ತಿಗೆ ೮೨.೮. ಆಮೇಲಿನ ಇಳಿತ ಬೆಟ್ಟದಿಂದ ಜಾರಿದಂತೆ. ಹನ್ನೆರಡನೆಯ ತರಗತಿಯವರೆಗೆ ಉಳಿಯುವವರು ೪೭.೨. ಇವರ ಹೊರತಾಗಿ ಐ.ಟಿ.ಐ., ಪಾಲಿಟೆಕ್ನಿಕ್‌ಗಳಿಗೆ ಹೋದವರೂ ಇದ್ದಾರೆನ್ನುವುದನ್ನು ಗಣನೆಗೆ ತೆಗೆದುಕೊಂಡರೂ, ನೂರರಲ್ಲಿ ಅರ್ಧದಷ್ಟು ಮಕ್ಕಳು ನಡುದಾರಿಯಲ್ಲಿ ನಮ್ಮ ಕೈಬಿಟ್ಟು ಹೋಗುತ್ತಿದ್ದಾರೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೊರಟ ಕುರುಬನ ಸಾಮತಿಯನ್ನು ಕೇಳಿ ಬೆಳೆದವರು ನಾವು. ಇಲ್ಲಿ ಮಂದೆಯಲ್ಲಿ ಉಳಿದಿರುವುದೇ ನಲವತ್ತೇಳು.

ನ್ಯಾಯದ ದೃಷ್ಟಿಯಿಂದ ಇನ್ನೊಂದು ಮಾತನ್ನೂ ಹೇಳಬೇಕು. ಸ್ಥಿತಿ ಸುಧಾರಿಸುತ್ತಿದೆ. ಒಂಬತ್ತನೆಯ ತರಗತಿಯಿಂದ ಮೇಲಿನ ಹಂತದಲ್ಲಿ ಒಂದು ವರ್ಷದಲ್ಲಿ ಶಾಲೆ ಬಿಡುವವರ ಪ್ರಮಾಣ ೨೦೨೩-೨೪ರಲ್ಲಿ ನೂರಕ್ಕೆ ೧೦.೯ ಇದ್ದುದು ೨೦೨೪-೨೫ರಲ್ಲಿ ೮.೨ಕ್ಕೆ ಇಳಿದಿದೆ. ಶಿಕ್ಷಕರ ಸಂಖ್ಯೆ ಅದೇ ವರ್ಷ ಮೊದಲ ಬಾರಿಗೆ ಒಂದು ಕೋಟಿಯನ್ನು ಮೀರಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ದೇಶದ ಸರಾಸರಿ ನೋಡಿದರೆ ಮೂರರಿಂದ ಐದನೆಯ ತರಗತಿಯವರೆಗೆ ಒಬ್ಬ ಶಿಕ್ಷಕರಿಗೆ ಹದಿಮೂರು ಮಕ್ಕಳು. ಯಾವ ಮುಂದುವರಿದ ದೇಶವೂ ತಲೆದೂಗಬಹುದಾದ ಅಂಕಿ ಇದು.

ಆದರೆ ಅದೇ ವರದಿಯ ಪುಟ ತಿರುವಿದರೆ ಒಬ್ಬನೇ ಶಿಕ್ಷಕನಿರುವ ಶಾಲೆಗಳು ದೇಶದಲ್ಲಿ ೧,೦೪,೧೨೫ ಎಂದು ಬರೆದಿದೆ. ಆ ಶಾಲೆಗಳಲ್ಲಿ ಕಲಿಯುವ ಮಕ್ಕಳು ಮೂವತ್ಮೂರು ಲಕ್ಷಕ್ಕೂ ಹೆಚ್ಚು. ಇತ್ತ ಒಂದೇ ಒಂದು ಮಗುವೂ ಇಲ್ಲದ ಶಾಲೆಗಳು ೭,೯೯೩. ಅವುಗಳಲ್ಲಿ ನೇಮಕಗೊಂಡಿರುವ ಶಿಕ್ಷಕರು ಇಪ್ಪತ್ತು ಸಾವಿರಕ್ಕೂ ಮಿಕ್ಕಿ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯಂತೆ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಲೇಬೇಕು. ಅಂದಮೇಲೆ ಒಂದು ಲಕ್ಷ ಶಾಲೆಗಳು ಪ್ರತಿದಿನ ಬೆಳಗ್ಗೆ ಬಾಗಿಲು ತೆರೆಯುವುದೇ ಕಾನೂನಿಗೆ ವಿರುದ್ಧವಾಗಿ. ಸರಾಸರಿ ಎಂಬುದು ಎಂತಹ ಮಾಯೆ ಎಂದು ಇದರಿಂದ ತಿಳಿಯುತ್ತದೆ. ಒಬ್ಬನ ತಲೆ ಒಲೆಯಲ್ಲಿ, ಕಾಲು ಹಿಮದಲ್ಲಿ ಇದ್ದರೂ ಸರಾಸರಿಯಲ್ಲಿ ಅವನು ಸುಖವಾಗಿಯೇ ಇರುತ್ತಾನೆ.

ಈ ಮಾಯೆಗೆ ನಮ್ಮ ಕಮಲಾಪುರವೇ ಒಂದು ನಿದರ್ಶನ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿ ಸಲ್ಲಿಸಿತು. ರಾಜ್ಯದ ಅಂದಿನ ೧೭೫ ತಾಲ್ಲೂಕುಗಳಲ್ಲಿ ೩೯ ಅತ್ಯಂತ ಹಿಂದುಳಿದವು ಎಂದೂ, ಅವುಗಳಲ್ಲಿ ೨೧ ಗುಲ್ಬರ್ಗ ವಿಭಾಗದವು ಎಂದೂ ಅದು ಗುರುತಿಸಿತು. ಆಳಂದ, ಅಫಜಲಪುರ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ ಹೀಗೆ ಅಂದಿನ ಜಿಲ್ಲೆಯ ತಾಲ್ಲೂಕುಗಳೆಲ್ಲವೂ ಆ ಪಟ್ಟಿಯಲ್ಲಿದ್ದವು, ಗುಲ್ಬರ್ಗ ತಾಲ್ಲೂಕೊಂದನ್ನು ಬಿಟ್ಟು. ಕಾರಣ ಸರಳ. ನಗರದ ಕಾಲೇಜುಗಳು, ಆಸ್ಪತ್ರೆಗಳು, ಬ್ಯಾಂಕುಗಳು ಆ ತಾಲ್ಲೂಕಿನ ಲೆಕ್ಕವನ್ನು ಮೇಲೆತ್ತಿ ಹಿಡಿದಿದ್ದವು. ಕಮಲಾಪುರವೂ ಅದರ ಸುತ್ತಲಿನ ಹಳ್ಳಿಗಳೂ ಆಗ ಗುಲ್ಬರ್ಗ ತಾಲ್ಲೂಕಿಗೆ ಸೇರಿದ್ದವು. ೨೦೧೮ರಲ್ಲಿ ಕಮಲಾಪುರ ಪ್ರತ್ಯೇಕ ತಾಲ್ಲೂಕಾಗುವವರೆಗೆ ಅಲ್ಲಿನ ತಾಂಡಾದ ಮಗುವೂ ನಗರದ ವಕೀಲರ ಮಗುವೂ ಒಂದೇ ಸರಾಸರಿಯೊಳಗೆ ಕುಳಿತಿದ್ದರು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು ಅದರ ಹೆಸರು ದೇಶಕ್ಕೆಲ್ಲ ತಿಳಿಯಿತು. ಅಲ್ಲಿಯ ಮಕ್ಕಳ ಲೆಕ್ಕ ಮಾತ್ರ ನಗರದ ನೆರಳಿನಲ್ಲಿ ಕಾಣದೆ ಉಳಿಯಿತು.

೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫.೩೬, ನಮ್ಮ ಜಿಲ್ಲೆಯದು ೬೪.೮೫, ಜಿಲ್ಲೆಯ ಸ್ತ್ರೀಯರದು ೫೫.೦೯. ಇದಕ್ಕೆ ಚರಿತ್ರೆಯ ಕಾರಣವುಂಟು. ೧೯೪೮ರ ಸೆಪ್ಟೆಂಬರಿನವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಮೇಲಿನ ವಿದ್ಯೆ ಎರಡು ಬಾಗಿಲುಗಳಾಚೆ ಇತ್ತು. ಅಂಥ ಕಾಲದಲ್ಲಿಯೂ ನೂತನ ವಿದ್ಯಾಲಯದಂತಹ ಸಂಸ್ಥೆಗಳು ನಡೆದವು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳ ಶಾಲೆಗೆ ಕೈಹಾಕಿದರು. ೧೯೫೬ರ ಏಕೀಕರಣದ ನಂತರ ೧೯೫೮ರಲ್ಲಿ ಮಹಾದೇವಪ್ಪ ರಾಂಪೂರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ೧೯೮೦ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. ೨೦೦೯ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾನಿಲಯವೇ ಬಂದಿತು. ಮೇಲಿನ ಮಹಡಿಗಳು ಒಂದಾದ ಮೇಲೊಂದರಂತೆ ಎದ್ದಿವೆ. ನೆಲಮಾಳಿಗೆಯಲ್ಲಿ ಇನ್ನೂ ನೀರು ನಿಂತಿದೆ.

ಮಕ್ಕಳು ಶಾಲೆ ಬಿಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಏಕೆಂದರೆ ನಗರದಲ್ಲಿರುವ ನಾವು ಅದನ್ನು ಒಂದು ದಿನದ ಘಟನೆಯೆಂದು ಭಾವಿಸುತ್ತೇವೆ. ತಂದೆ ಮಗಳ ಕೈಹಿಡಿದು ಶಾಲೆಯಿಂದ ಕರೆದೊಯ್ದನು, ಅಲ್ಲಿಗೆ ಮುಗಿಯಿತು ಎಂದು. ಹಾಗಲ್ಲ. ಜೂನ್ ತಿಂಗಳಲ್ಲಿ ಎಲ್ಲ ಮಕ್ಕಳೂ ಬರುತ್ತಾರೆ. ಹೊಸ ಪುಸ್ತಕ, ಸಮವಸ್ತ್ರಗಳ ಸಂಭ್ರಮ. ಆಗಸ್ಟ್ ಕಳೆಯುತ್ತಲೇ ಹೆಸರು, ಉದ್ದು ಕೈಗೆ ಬರುತ್ತವೆ. ಕಾಯಿ ಬಿಡಿಸಲು ಸಣ್ಣ ಬೆರಳುಗಳೇ ಬೇಕು. ವಾರದ ಮಟ್ಟಿಗೆಂದು ಹೋದ ಹುಡುಗಿ ಎರಡು ವಾರ ಬರುವುದಿಲ್ಲ. ದಸರೆಯ ರಜೆ ಮುಗಿದ ಮೇಲೆ ಹತ್ತಿ ಬಿಡಿಸುವ ಕಾಲ. ಅದೇ ಸಮಯಕ್ಕೆ ಕಬ್ಬು ಕಡಿಯಲು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು ಗಂಟುಮೂಟೆ ಕಟ್ಟುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಉಳಿಯುತ್ತದೆ. ಇಲ್ಲವಾದರೆ ಅದೂ ಹೊರಡುತ್ತದೆ, ಕೂಸನ್ನು ನೋಡಿಕೊಳ್ಳಲಾದರೂ ಬೇಕಲ್ಲವೇ? ಉಳಿದವರಿಗೆ ಡಿಸೆಂಬರ್, ಜನವರಿಯಲ್ಲಿ ತೊಗರಿಯ ರಾಶಿ. ಹೀಗೆ ಮಗುವು ಶಾಲೆಯನ್ನು ಬಿಡುವುದಿಲ್ಲ. ಶಾಲೆಯ ದಿನಗಳೇ ಒಂದೊಂದಾಗಿ ಮಗುವಿನಿಂದ ಕಳಚಿಕೊಳ್ಳುತ್ತವೆ. ಮುಂದಿನ ಜೂನಿನಲ್ಲಿ ಬಂದು ಕುಳಿತರೆ ಪಾಠ ತಿಳಿಯುವುದಿಲ್ಲ. ತಿಳಿಯದ ಪಾಠದ ಮುಂದೆ ಎರಡು ವರ್ಷ ಸುಮ್ಮನೆ ಕುಳಿತ ಮೇಲೆ ಒಂಬತ್ತನೆಯ ತರಗತಿಯ ಹೊತ್ತಿಗೆ ಆ ಮಗುವಿಗೇ ನಾಚಿಕೆಯಾಗಿ ನಿಂತುಹೋಗುತ್ತದೆ. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಿ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು; ಆ ಬೇಳೆಯಲ್ಲಿ ಎಷ್ಟು ಮಕ್ಕಳ ಹಾಜರಿಯ ದಿನಗಳು ಬೆಂದಿವೆಯೆಂದು ಯಾರೂ ಕೇಳಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲವೆಂದು ಹೇಳುವುದು ಅನ್ಯಾಯ. ೨೦೦೨ರಲ್ಲಿ ಅಕ್ಷರ ದಾಸೋಹ ಆರಂಭವಾದುದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಶಾಲೆಯ ಅನ್ನದ ವಾಸನೆ ಎಷ್ಟು ಮಕ್ಕಳನ್ನು ಹಿಡಿದು ನಿಲ್ಲಿಸಿತೆಂಬುದನ್ನು ಕಣ್ಣಾರೆ ಕಂಡವನು ನಾನು. ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬೇಯಿಸಿದ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದಾಗ ನಾಡಿನಲ್ಲಿ ದೊಡ್ಡ ವಾದವೆದ್ದಿತು. ವಾದ ಮಾಡಿದವರ ಮಕ್ಕಳು ಆ ಸಾಲಿನಲ್ಲಿ ಕುಳಿತು ಉಣ್ಣುವವರಲ್ಲವೆಂಬುದಷ್ಟೇ ನನ್ನ ಟೀಕೆ. ‘ಕೂಲಿಯಿಂದ ಶಾಲೆಗೆ’, ‘ಚಿಣ್ಣರ ಅಂಗಳ’ ಮುಂತಾದ ಕಾರ್ಯಕ್ರಮಗಳು ಬಿಟ್ಟುಹೋದವರನ್ನು ಮರಳಿ ತಂದವು. ೨೦೦೪ರಲ್ಲಿ ಹುಟ್ಟಿದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ವಸತಿಯನ್ನು ಕೊಟ್ಟವು. ೨೦೨೩ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹಳ್ಳಿಯ ಹುಡುಗಿ ಬಸ್ಸಿನ ಖರ್ಚಿಲ್ಲದೆ ದೂರದ ಪ್ರೌಢಶಾಲೆಗೆ ಹೋಗುವಂತಾಯಿತು. ೨೦೧೩ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದಕ್ಕೆ ಮೊದಲು ಅರವತ್ತು ದಿನ ಸತತವಾಗಿ ಬಾರದ ಮಗುವನ್ನಷ್ಟೇ ಶಾಲೆ ಬಿಟ್ಟ ಮಗುವೆಂದು ಬರೆದುಕೊಳ್ಳುತ್ತಿದ್ದರು. ಆ ಅವಧಿಯನ್ನು ಏಳು ದಿನಕ್ಕೆ ಇಳಿಸಲಾಯಿತು. ಆದರೆ ಏಳನೆಯ ದಿನ ಆ ಮಗುವಿನ ಮನೆಯ ಬಾಗಿಲು ತಟ್ಟುವವರು ಯಾರು?

ಸಹೋದರ ಸಹೋದರಿಯರೇ, ನಾನು ಹೇಳಬೇಕೆಂದು ಬಂದ ಮಾತಿನ ಹೃದಯವಿರುವುದು ಇಲ್ಲಿಯೇ. ಮಕ್ಕಳು ಉಳಿಯಬೇಕಾದರೆ ಮೊದಲು ಶಿಕ್ಷಕರು ಉಳಿಯಬೇಕು. ಕಮಲಾಪುರ ನಗರದಿಂದ ಸುಮಾರು ಮೂವತ್ತೈದು ಕಿಲೋಮೀಟರು. ಈ ದೂರ ಬಹು ವಿಚಿತ್ರವಾದುದು. ಅಲ್ಲಿಯೇ ಮನೆಮಾಡುವಷ್ಟು ದೂರವಲ್ಲ, ನಡೆದು ಹೋಗುವಷ್ಟು ಹತ್ತಿರವೂ ಅಲ್ಲ. ಆದುದರಿಂದ ಅಲ್ಲಿ ಕಲಿಸುವವರಲ್ಲಿ ಬಹಳ ಮಂದಿ ನಗರದಲ್ಲಿ ವಾಸವಾಗಿದ್ದು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಾರೆ. ನಾನು ಅವರನ್ನು ದೂಷಿಸುತ್ತಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಹೋಗಿ ಬಂದವನು. ನನ್ನ ಮಕ್ಕಳು ನಗರದ ಒಳ್ಳೆಯ ಶಾಲೆಯಲ್ಲಿ ಕಲಿಯಲಿ ಎಂಬ ಆಸೆಯಿಂದ ನಾನು ಕಲಿಸುತ್ತಿದ್ದ ಮಕ್ಕಳ ಊರಿನಲ್ಲಿ ಒಂದು ರಾತ್ರಿಯೂ ತಂಗಲಿಲ್ಲ. ನನ್ನ ತರಗತಿಯ ಚುರುಕಾದ ಹುಡುಗಿಯೊಬ್ಬಳು ದೀಪಾವಳಿಯ ನಂತರ ಬರಲಿಲ್ಲ. ಅವಳ ತಾಂಡಾ ಶಾಲೆಯಿಂದ ಎರಡು ಕಿಲೋಮೀಟರು. ಸಂಜೆ ಹೋಗಿ ವಿಚಾರಿಸಬೇಕೆಂದು ಹಲವು ದಿನ ಅಂದುಕೊಂಡೆ. ಹೋದರೆ ಬಸ್ಸು ತಪ್ಪುತ್ತಿತ್ತು. ಕೊನೆಗೆ ಒಂದು ಶನಿವಾರ ಹೋದಾಗ ಮನೆಗೆ ಬೀಗ ಬಿದ್ದಿತ್ತು. ಅವರು ಹೊರಟು ನಾಲ್ಕೇ ದಿನವಾಗಿತ್ತೆಂದು ನೆರೆಮನೆಯ ಮುದುಕಿ ಹೇಳಿದಳು. “ಮಾಸ್ತರ ಬರ್ತಾರ ಅಂತ ಹುಡುಗಿ ದಿನಾ ದಾರಿ ನೋಡ್ತಿತ್ರೀ” ಎಂದು ಆಕೆ ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಹುದ್ದೆಗಳ ವಿಷಯದಲ್ಲಿಯೂ ನಮ್ಮ ಭಾಗದ ಕಥೆ ಇಂಥದೇ. ಬೇರೆ ಜಿಲ್ಲೆಗಳಿಂದ ನೇಮಕಗೊಂಡು ಬಂದವರು ವರ್ಗಾವಣೆಯ ದಿನವನ್ನು ಎಣಿಸುತ್ತ ಕೂರುವುದು, ಅವರು ಹೋದ ಮೇಲೆ ಜಾಗ ಖಾಲಿ ಬೀಳುವುದು, ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುವುದು. ಅತಿಥಿ ಎಂಬ ಮಾತೇ ಹೇಳುತ್ತದೆ, ಆತ ಹೊರಟುಹೋಗಲಿರುವವನೆಂದು. ಅಲ್ಪ ಗೌರವಧನಕ್ಕೆ ದುಡಿಯುವ ಆ ಯುವಕ ಯುವತಿಯರಲ್ಲಿ ಎಷ್ಟೋ ಮಂದಿ ಕಾಯಂ ಶಿಕ್ಷಕರಿಗಿಂತ ಹೆಚ್ಚಿನ ಶ್ರದ್ಧೆಯಿಂದ ಕಲಿಸುತ್ತಾರೆಂಬುದು ಬೇರೆ ಮಾತು. ಸಂವಿಧಾನಕ್ಕೆ ೨೦೧೨ರ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧-ಜೆ ವಿಧಿಯು ಇಲ್ಲಿಯವರಿಗೆ ಇಲ್ಲಿಯ ಹುದ್ದೆಗಳಲ್ಲಿ ಮೀಸಲನ್ನು ಒದಗಿಸಿತು. ೨೦೨೨ರಲ್ಲಿ ರಾಜ್ಯವು ೧೫,೦೦೦ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಹೊರಟಾಗ ಅದರಲ್ಲಿ ೫,೦೦೦ ಹುದ್ದೆಗಳನ್ನು ಈ ಭಾಗಕ್ಕೆ ಇರಿಸಿತು. ಇದು ಸರಿಯಾದ ದಾರಿ. ಈ ನೆಲದವನೇ ಶಿಕ್ಷಕನಾದರೆ ಓಡಿಹೋಗಲು ಅವನಿಗೆ ಬೇರೆ ಊರಿಲ್ಲ. ಆದರೆ ಆ ಹುದ್ದೆಗಳಿಗೆ ಅರ್ಹರಾಗುವವರು ಇಲ್ಲಿಯ ಪ್ರೌಢಶಾಲೆಗಳಿಂದಲೇ ಹೊರಬರಬೇಕಲ್ಲವೇ? ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ನೂರಕ್ಕೆ ೪೨.೪೩ ಪಡೆದು ರಾಜ್ಯಕ್ಕೇ ಕೊನೆಯದಾಯಿತು. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಗಾವಲು ಬಂದ ಮೇಲೆ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ ೮೩.೮೯ರಿಂದ ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ನಂತರ. ಹಾಗಾಗಿ ನಮ್ಮ ಮಕ್ಕಳು ಇದ್ದಕ್ಕಿದ್ದಂತೆ ದಡ್ಡರಾದರೆಂದು ತಿಳಿಯಬಾರದು. ಮೊದಲು ಮುಚ್ಚಿದ್ದ ಗಾಯದ ಬಟ್ಟೆ ಈಗ ಕಳಚಿದೆ.

ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ೯೧.೧೨ ಪಡೆದು ಮೊದಲನೆಯದಾಯಿತು. ಕರಾವಳಿಯಿಂದ ಬಂದ ಗುರುಗಳೂ ಭಗಿನಿಯರೂ ಈ ಸಭೆಯಲ್ಲಿದ್ದಾರೆ. ಅಲ್ಲಿಯ ಮಕ್ಕಳ ತಲೆ ಬೇರೆ ಮಣ್ಣಿನದೆಂದು ಅವರೂ ಹೇಳಲಾರರು. ೧೮೭೦ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಸಂತ ಆನ್ನರ ಮಠದಲ್ಲಿ ನೆಲೆಸಿದರು. ಹೆಣ್ಣುಮಕ್ಕಳ ಶಾಲೆಯ ಜೊತೆಗೆ ಶಿಕ್ಷಕಿಯರ ತರಬೇತಿಯನ್ನೂ ನಡೆಸಿದರು. ಯೇಸುಸಭೆಯವರು ೧೮೮೦ರಲ್ಲಿ ಸಂತ ಅಲೋಷಿಯಸ್ ಕಾಲೇಜನ್ನು ತೆರೆದರು. ಇವು ಪಟ್ಟಣದ ಮಾತು. ಅಲ್ಲಿಯ ಶಿಕ್ಷಣದ ನಿಜವಾದ ಬೇರು ಇದ್ದುದು ಇಗರ್ಜಿಯ ಪಕ್ಕದ ಹಂಚಿನ ಮಾಡಿನ ಶಾಲೆಯಲ್ಲಿ. ಅಲ್ಲಿ ಕಲಿಸುವವರು ಅದೇ ಊರಿನವರು. ಭಾನುವಾರ ಅದೇ ಬಲಿಪೂಜೆಯಲ್ಲಿ ಮಗುವಿನ ತಂದೆಯ ಪಕ್ಕದಲ್ಲಿ ನಿಲ್ಲುವವರು. “ನಿನ್ನ ಮಗಳು ಮೂರು ದಿನದಿಂದ ಬಂದಿಲ್ಲವಲ್ಲ?” ಎಂದು ಕೇಳಲು ಅವರಿಗೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಿರಲಿಲ್ಲ.

ಶಿಕ್ಷಕರ ಪಾಲಕ ಸಂತರಾದ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರ ಜೀವನದಲ್ಲಿ ಒಂದು ಪ್ರಸಂಗವುಂಟು. ಹದಿನೇಳನೆಯ ಶತಮಾನದ ಫ್ರಾನ್ಸಿನ ರೇಮ್ಸ್ ನಗರದಲ್ಲಿ ಬಡಮಕ್ಕಳ ಶಾಲೆಗಳಿಗೆ ಅವರು ಶಿಕ್ಷಕರನ್ನು ಕೂಡಿಸಿದರು. ಶಿಕ್ಷಕರು ನಿಲ್ಲಲಿಲ್ಲ, ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು. ದೇವರ ಪರಿಪಾಲನೆಯಲ್ಲಿ ನಂಬಿಕೆಯಿಡಿರೆಂದು ಅವರು ಬೋಧಿಸಿದಾಗ, ನಿಮಗೆ ಆಸ್ತಿಯಿದೆ, ಪ್ರಧಾನಾಲಯದ ಪದವಿಯ ವರಮಾನವಿದೆ, ನಿಮಗೆ ಹೇಳುವುದು ಸುಲಭ; ನಾಳೆ ಶಾಲೆ ಮುಚ್ಚಿದರೆ ನಮ್ಮ ಗತಿಯೇನು ಎಂದು ಶಿಕ್ಷಕರು ಕೇಳಿದರು. ಅವರು ಕೋಪಿಸಿಕೊಳ್ಳಲಿಲ್ಲ. ೧೬೮೩ರಲ್ಲಿ ಆ ಪದವಿಯನ್ನು ಬಿಟ್ಟುಕೊಟ್ಟರು. ತರುವಾಯದ ಕ್ಷಾಮದಲ್ಲಿ ಆಸ್ತಿಯನ್ನು ಬಡವರಿಗೆ ಹಂಚಿದರು. ಶಿಕ್ಷಕರೊಂದಿಗೆ ಒಂದೇ ಮನೆಯಲ್ಲಿ ಬಾಳಿದರು. ಆಮೇಲೆ ಶಿಕ್ಷಕರು ನಿಂತರು. ಅತಿಥಿ ಶಿಕ್ಷಕರ ಸಮಸ್ಯೆ ಹೊಸದೇನಲ್ಲ. ಅದಕ್ಕೆ ಪರಿಹಾರವೂ ಹೊಸದಾಗಿ ಹುಡುಕಬೇಕಾದುದಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ೨೦೦೫ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರವು ಸ್ಥಾಪಿತವಾಗಿ ಪರಮಪೂಜ್ಯ ರಾಬರ್ಟ್ ಮಿರಾಂದರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ನಾವು ಸಂಖ್ಯೆಯಲ್ಲಿ ಅಲ್ಪರು. ಆದರೂ ಈ ನಾಡಿನಲ್ಲಿ ‘ಕಾನ್ವೆಂಟು’ ಎಂಬ ಪದಕ್ಕೆ ದೊಡ್ಡ ಮರ್ಯಾದೆಯಿದೆ. ಆ ಮರ್ಯಾದೆಯೇ ನಮಗೆ ಒಂದು ಅಪಾಯವೆಂದು ನಾನು ಹೇಳಿದರೆ ತಪ್ಪು ತಿಳಿಯಬೇಡಿ. ನಗರದಲ್ಲಿ ಪ್ರವೇಶಕ್ಕಾಗಿ ಶಿಫಾರಸು ಹಿಡಿದು ಬರುವ ಪೋಷಕರ ಸಾಲನ್ನು ಕಂಡು ನಮ್ಮ ಸೇವೆ ಸಾರ್ಥಕವೆಂದು ನಾವು ತೃಪ್ತಿಪಡುತ್ತೇವೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ ನಮ್ಮಲ್ಲಿ ಅನೇಕರು ನಿಟ್ಟುಸಿರುಬಿಟ್ಟರು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯಕ್ಕೆ ೩೦ನೆಯ ವಿಧಿಯ ರಕ್ಷಣೆ ಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಬಡಮಗುವಿಗೆ ಜಾಗ ಕೊಡಬೇಕೆಂಬ ಕಾನೂನಿನ ಒತ್ತಾಯ ನಮಗಿಲ್ಲವೆಂದಾದರೆ, ಒತ್ತಾಯವಿಲ್ಲದೆಯೇ ಕೊಡುವ ಹೊಣೆ ಇಮ್ಮಡಿಯಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು ಲೌಕಿಕ ಸಂಪತ್ತಿನಲ್ಲಿ ಬಡವರಾದವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ನಮ್ಮ ಶಾಲೆಗಳ ವಿಶೇಷ ಆರೈಕೆಗೆ ಒಪ್ಪಿಸಿದೆ. ಆರು ತಿಂಗಳು ತಂದೆ ತಾಯಿ ಊರಿನಲ್ಲಿಲ್ಲದ ಮಗುವಿಗಿಂತ ಹೆಚ್ಚಾಗಿ ಈ ಮಾತಿಗೆ ಒಪ್ಪುವವರು ಯಾರು?

ನಗರದಲ್ಲಿ ಕೊಠಡಿ ಕಟ್ಟಬೇಕೆನ್ನುವ ಸ್ನೇಹಿತರ ವಾದದಲ್ಲಿಯೂ ಹುರುಳಿದೆ. ನಗರದ ಶಾಲೆಯ ವರಮಾನದಿಂದಲೇ ಹಳ್ಳಿಯ ಸೇವೆ ನಡೆಯಬೇಕಾಗಿದೆ ಎನ್ನುತ್ತಾರೆ, ನಿಜ. ಕನ್ಯಾಮಠಗಳಿಗೆ ಸೇರುವ ಯುವತಿಯರು ವಿರಳವಾಗುತ್ತಿದ್ದಾರೆ, ಹಳ್ಳಿಗೆ ಕಳುಹಿಸಲು ಭಗಿನಿಯರೇ ಇಲ್ಲವೆನ್ನುತ್ತಾರೆ, ಅದೂ ನಿಜ. ಆದರೆ ನಾವು ಕಟ್ಟಲಿರುವ ನಾಲ್ಕು ಕೊಠಡಿಗಳು ತುಂಬದೆ ಉಳಿಯುವುದಿಲ್ಲ, ಕಟ್ಟದೆ ಹೋದರೆ ಆ ಮಕ್ಕಳು ಓದದೆ ಉಳಿಯುವುದೂ ಇಲ್ಲ. ಅವರಿಗೆ ನಗರದಲ್ಲಿ ಇನ್ನೂ ಎಷ್ಟೋ ಶಾಲೆಗಳಿವೆ. ಭಗಿನಿಯರು ಕಡಿಮೆಯಾದರೆಂದು ಕೊರಗುವ ನಾವು ನಮ್ಮ ಮನೆಗಳ ಬಿ.ಎಡ್., ಡಿ.ಎಡ್. ಮುಗಿಸಿದ ಮಕ್ಕಳನ್ನು ಎಣಿಸಿ ನೋಡಿದ್ದೇವೆಯೇ? ಅವರನ್ನು ಬೆಂಗಳೂರಿನ ಮೊದಲ ಬಸ್ಸಿಗೆ ಹತ್ತಿಸುವವರು ನಾವೇ.

ನನ್ನ ಸಲಹೆ ದೊಡ್ಡದೇನಲ್ಲ. ಹೊಸ ಶಾಲೆಯೊಂದನ್ನು ತೆರೆಯಬೇಕೆಂದು ನಾನು ಕೇಳುತ್ತಿಲ್ಲ. ಕಮಲಾಪುರದ ಸುತ್ತ ಸರ್ಕಾರಿ ಶಾಲೆಗಳಿವೆ, ಅವು ಬದುಕಬೇಕು. ನವೆಂಬರಿನಿಂದ ಮಾರ್ಚಿಯವರೆಗೆ, ಗುಳೆ ಹೋಗುವವರ ಮಕ್ಕಳಿಗಾಗಿ ಒಂದು ಋತುಮಾನದ ವಸತಿ. ಮೊದಲ ವರ್ಷ ಬಾಡಿಗೆಯ ಮನೆಯಾದರೂ ಸಾಕು. ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ. ಮಕ್ಕಳು ಹಗಲು ತಮ್ಮ ಸರ್ಕಾರಿ ಶಾಲೆಗೇ ಹೋಗುವರು. ಸಂಜೆ ಊಟ, ದೀಪ, ಪಾಠ ನಮ್ಮಲ್ಲಿ. ಯಾವ ಜಾತಿ, ಯಾವ ಮತದ ಮಗುವಾದರೂ ತಂದೆ ತಾಯಿಯ ಲಿಖಿತ ಒಪ್ಪಿಗೆಯೊಂದಿಗೆ ಬರಬಹುದು. ಧರ್ಮಬೋಧನೆಯ ಮಾತು ಅಲ್ಲಿ ಬೇಡ. ಶಿಕ್ಷಣ ಇಲಾಖೆಗೂ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೂ ಮೊದಲೇ ತಿಳಿಸಿ, ಅನುಮತಿ ಪಡೆದೇ ಆರಂಭಿಸಬೇಕು. ಅದೇ ಮನೆಯ ಇನ್ನೊಂದು ಪಾರ್ಶ್ವದಲ್ಲಿ ಇಬ್ಬರು ಶಿಕ್ಷಕಿಯರು ವಾಸಿಸುವಂತಿರಬೇಕು. ಅವರಿಗೆ ನಗರದ ಶಾಲೆಯಲ್ಲಿ ಕೊಡುವ ಸಂಬಳಕ್ಕಿಂತ ಒಂದು ರೂಪಾಯಿಯೂ ಕಡಿಮೆಯಾಗಬಾರದು. ತ್ಯಾಗದ ಹೆಸರಿನಲ್ಲಿ ಅರ್ಧ ಸಂಬಳ ಕೊಡುವ ಅಭ್ಯಾಸ ನಮ್ಮಲ್ಲಿ ಬಹುಕಾಲದಿಂದ ಇದೆ, ಅದನ್ನು ಈ ಶತಮಾನೋತ್ಸವದಲ್ಲಾದರೂ ಕೈಬಿಡೋಣ. ಆ ಇಬ್ಬರ ಕೆಲಸ ಪಾಠವಷ್ಟೇ ಅಲ್ಲ. ಯಾವ ಮನೆಯಲ್ಲಿ ಗಂಟು ಕಟ್ಟುತ್ತಿದ್ದಾರೆಂದು ತಿಳಿದು, ಹೊರಡುವ ಮೊದಲೇ ಆ ಬಾಗಿಲು ತಟ್ಟುವುದು.

ಅಡುಗೆಗೆ ಯಾರು, ಅಕ್ಕಿ ಬೇಳೆ ಎಷ್ಟು, ರಾತ್ರಿ ಕಾವಲಿಗೆ ಯಾರು, ಮಗುವಿಗೆ ಜ್ವರ ಬಂದರೆ ಕಮಲಾಪುರದ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬ ಪ್ರಶ್ನೆಗಳನ್ನು ಮರಿಯಳ ಸೇನೆಯ ತಾಯಂದಿರು ನನ್ನನ್ನು ಈಗಾಗಲೇ ಕೇಳಿದ್ದಾರೆ. ನನಗಿಂತ ಅವರೇ ಇದನ್ನು ಚೆನ್ನಾಗಿ ಬಲ್ಲರು. ಅದರ ಪಟ್ಟಿಯನ್ನು ಅವರೇ ಸಿದ್ಧಪಡಿಸಿದ್ದಾರೆ. ಮೂವತ್ತು ಮಕ್ಕಳಿಗೆ ಐದು ತಿಂಗಳಿಗೆ ತಗಲುವ ಖರ್ಚಿನ ಲೆಕ್ಕವನ್ನು ನಾನು ಪಾಲನಾ ಸಮಿತಿಯ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ನಾಲ್ಕು ಕೊಠಡಿಗಳ ಅಂದಾಜು ಪಟ್ಟಿಯೂ ಅವರಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಸಭೆ ಸೇರಬೇಕೆಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ಹೆಸರಿನ ಮಳಿ ಇನ್ನೂ ಹೊಲದಲ್ಲಿದೆ. ಗುಳೆ ಹೊರಡಲು ಎರಡು ತಿಂಗಳ ಕಾಲಾವಕಾಶವಿದೆ. ತಾವೆಲ್ಲರೂ ಆ ಸಭೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.